ಫಾರ್ಟಿ ಮೀಟರಿನಲ್ಲಿ ಜಾಗ ಯಾರದು?

ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ನಡೆಸುವವರು) ನಾಲ್ಕು ಜನ ಸೇರಿದ ಕಡೆ 7.074 ಎಂದು ಹೇಳಿ ನೋಡಿ, ಮಾತು ಕಾವೇರುತ್ತದೆ. ಮೆಗಾಹರ್ಟ್ಸಿನಲ್ಲಿ ಅದೊಂದು ತರಂಗಾಂತರ, ಅಷ್ಟೆ. ಅಲ್ಲಿಂದ ಮೇಲಕ್ಕೆ ಮೂರು ಕಿಲೋಹರ್ಟ್ಸ್ ಅಗಲದಲ್ಲಿ ಎಫ್‌ಟಿ8 ಎಂಬ ಕಂಪ್ಯೂಟರ್ ಸಂಕೇತಗಳು ಹಗಲು ರಾತ್ರಿ ಎನ್ನದೆ ಸಿಳ್ಳೆ ಹೊಡೆಯುತ್ತಿರುತ್ತವೆ. ಅದರ ಆಸುಪಾಸಿನಲ್ಲೇ ಮೈಕ್ ಹಿಡಿದು ಮಾತಾಡುವವರಿದ್ದಾರೆ, ತುಸು ಕೆಳಗೆ ಮೋರ್ಸ್ ಕೀ ಬಡಿಯುವವರಿದ್ದಾರೆ. ಮೂವರಿಗೂ ಸರ್ಕಾರ ಕೊಟ್ಟ ಬ್ಯಾಂಡ್ ಒಂದೇ. ಇವರು ಒಬ್ಬರಿಗೊಬ್ಬರು ಅಡ್ಡ ಬರುವುದು ಹೇಗೆ ಎಂಬುದನ್ನು ರೇಡಿಯೊ ಮುಟ್ಟದವರಿಗೂ ತಿಳಿಯುವಂತೆ ಬರೆಯಬೇಕೆಂಬ ಆಸೆ ನನಗೆ ಬಹಳ ದಿನದ್ದು. ಏಕೆಂದರೆ ಜಗಳವಾಡುವವರಲ್ಲೇ ಅನೇಕರಿಗೆ ಅದರ ಬೇರು ಗೊತ್ತಿಲ್ಲ.

ನನ್ನ ಊರು ಜತ್ತ ತಾಲೂಕಿನ ಮೂಡಣ ಅಂಚಿನ ಉಮದಿ–ಸಂಖ ಸೀಮೆಯಲ್ಲಿದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಸಾಂಗಲಿಗಿಂತ ವಿಜಯಪುರವೇ ನಮಗೆ ಹತ್ತಿರ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸಿನಲ್ಲಿ ಕೇಳಿ ಬೆಳೆದವನು ನೌಕರಿ ಸಿಕ್ಕ ಮೇಲೆ ಪರೀಕ್ಷೆ ಕಟ್ಟಿದೆ, ಮೋರ್ಸನ್ನೂ ಪಾಸು ಮಾಡಿದೆ, ವಿಯು2 ಎಂದು ಶುರುವಾಗುವ ಕರೆಹೆಸರು ಬಂತು. ಮಾಳಿಗೆಯ ಕಬ್ಬಿಣದ ಕಂಬಕ್ಕೂ ಹಿತ್ತಲ ಬೇವಿನ ಮರಕ್ಕೂ ನಡುವೆ ಕಟ್ಟಿದ ಸುಮಾರು 20 ಮೀಟರ್ ತಾಮ್ರದ ತಂತಿಯೇ ನನ್ನ ಆಂಟೆನಾ. ಸೆಟ್ಟು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಮೈಕ್ರೊಬಿಟೆಕ್ಸ್. ಸುಮಾರು 10 ವಾಟ್, ಮನೆಯ ಒಂದು ಬಲ್ಬಿನಷ್ಟು ಶಕ್ತಿ. ದಾಳಿಂಬೆ ತೋಟ, ಜೋಳದ ಹೊಲ, ಮಾಡಗ್ಯಾಳ ತಳಿಯ ಕುರಿ ಹಿಂಡುಗಳ ಈ ಬಯಲಿನಲ್ಲಿ ರೇಡಿಯೊ ಗದ್ದಲ ಪಟ್ಟಣಗಳಿಗಿಂತ ಬಹಳ ಕಡಿಮೆ. ಹಾಗಾಗಿ ಪುಣೆಯ ಗೆಳೆಯರಿಗೆ ಕೇಳದ ಸಣ್ಣ ದನಿಗಳೂ ನನಗೆ ಕೇಳುತ್ತವೆ. ಪಂಪಿನ ಕಂಟ್ರೋಲರ್, ಕಳಪೆ ಎಲ್‌ಇಡಿ ಬಲ್ಬು ಎಬ್ಬಿಸುವ ಗೊರಗೊರ ಬೇರೆ ವಿಷಯ, ಅದು ಯಂತ್ರದ ಕಸ. ಇಲ್ಲಿ ಹೇಳುವುದು ಲೈಸೆನ್ಸ್ ಇಟ್ಟುಕೊಂಡು ಕಾಯಿದೆ ಪ್ರಕಾರವೇ ನಡೆಯುವ ಮನುಷ್ಯರು ಒಬ್ಬರಿಗೊಬ್ಬರು ಮಾಡುವ ಅಡ್ಡಿಯ ಮಾತು.

ಫಾರ್ಟಿ ಮೀಟರ್ ಎಂದರೆ ತರಂಗದ ಉದ್ದ. ನಮಗೆ ಸಿಕ್ಕಿರುವುದು 7ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಭಾಗ. ಹಗಲಿನಲ್ಲಿ ಈ ತರಂಗ ಮೇಲಕ್ಕೆ ಹೋಗಿ, ಅಯಾನುಮಂಡಲಕ್ಕೆ ತಾಗಿ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿನಲ್ಲಿ ಮಳೆಯಾಗಿ ಇಳಿಯುತ್ತದೆ. ಪುಣೆ, ಹುಬ್ಬಳ್ಳಿ, ಬೆಳಗಾವಿ, ಹೈದರಾಬಾದು ಎಲ್ಲ ನನ್ನ ತಂತಿಯ ಅಳವಿಗೆ ಬರುತ್ತವೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ವಿಜಯಪುರದ ಕಡೆಯವರು ಕನ್ನಡದಲ್ಲಿ ಕರೆಯುತ್ತಾರೆ, ಸಾತಾರದವರು ಮರಾಠಿಯಲ್ಲಿ, ಹೈದರಾಬಾದಿನವರು ಹಿಂದಿಯಲ್ಲಿ. ಮೂರಕ್ಕೂ ಉತ್ತರ ಕೊಡುವುದು ಗಡಿಯವರಿಗೆ ಕಷ್ಟವಲ್ಲ. ಹೊತ್ತು ಮುಳುಗಿದ ಮೇಲೆ ಇದೇ ಬ್ಯಾಂಡು ಹತ್ತಿರದವರನ್ನು ಬಿಟ್ಟು ದೂರದವರನ್ನು ತರುತ್ತದೆ: ಇಂಡೊನೇಷ್ಯಾ, ರಷ್ಯಾ, ಇಟಲಿ. ಅಂದರೆ ಸಂಜೆಯ ಒಂದು ಹೊತ್ತಿನಲ್ಲಿ ಹತ್ತಿರದವರೂ ದೂರದವರೂ ಒಟ್ಟಿಗೇ ಇರುತ್ತಾರೆ. ಎಲ್ಲರಿಗೂ ಇರುವ ಜಾಗ ಆ 200 ಕಿಲೋಹರ್ಟ್ಸ್.

ಯಾರಿಗೆ ಎಷ್ಟು ಜಾಗ ಬೇಕು ಎಂಬುದೇ ಮೋಡ್‌ನ, ಅಂದರೆ ಸಂಕೇತ ಕಳಿಸುವ ವಿಧಾನದ, ಲೆಕ್ಕ. ಆಕಾಶವಾಣಿಯ ಮೀಡಿಯಂ ವೇವ್ ರೀತಿಯ ಎಎಂ ಧ್ವನಿಯನ್ನು ಹ್ಯಾಮ್ ಬಳಸಿದರೆ 6 ಕಿಲೋಹರ್ಟ್ಸ್ ಬೇಕು. ಅದರಲ್ಲಿ ಅರ್ಧ ಕತ್ತರಿಸಿ, ನಡುವಿನ ವಾಹಕ ತರಂಗವನ್ನೂ ತೆಗೆದುಹಾಕಿದರೆ ಸಿಗುವುದು ಎಸ್‌ಎಸ್‌ಬಿ. ಇಂದು ಹ್ಯಾಮ್‌ಗಳು ಶಾರ್ಟ್‌ವೇವಿನಲ್ಲಿ ಮಾತಾಡುವುದು ಹೆಚ್ಚಾಗಿ ಇದರಲ್ಲೇ, ಅಗಲ ಎರಡೂವರೆ ಕಿಲೋಹರ್ಟ್ಸ್ ಆಸುಪಾಸು. ಒಬ್ಬರಿಗೊಬ್ಬರು ತಾಗದಂತೆ ಕೂಡಿಸಿದರೂ ಇಡೀ ಫಾರ್ಟಿ ಮೀಟರಿನಲ್ಲಿ ಎಂಬತ್ತು ಸಂಭಾಷಣೆ ಹಿಡಿಸಿದರೆ ಹೆಚ್ಚು. ಮೋರ್ಸಿಗೆ ನೂರು ನೂರೈವತ್ತು ಹರ್ಟ್ಸ್ ಸಾಕು. ಎಫ್‌ಟಿ8ಕ್ಕೆ ಬರೇ 50 ಹರ್ಟ್ಸ್. ಒಬ್ಬ ಮಾತುಗಾರ ಕೂಡುವ ಜಾಗದಲ್ಲಿ ಐವತ್ತು ಎಫ್‌ಟಿ8 ಸಂಕೇತಗಳು ಸಾಲಾಗಿ ನಿಲ್ಲಬಹುದು.

ಇಕ್ಕಟ್ಟು ಶುರುವಾಗುವುದು ಡಯಲ್ ಮೇಲಿನ ಸಂಖ್ಯೆಯಿಂದ. 10 ಮೆಗಾಹರ್ಟ್ಸಿಗಿಂತ ಕೆಳಗೆ ಮಾತಾಡುವವರು ಲೋಯರ್ ಸೈಡ್‌ಬ್ಯಾಂಡ್ ಬಳಸುವುದು ಹಳೆಯ ರೂಢಿ: ಡಯಲ್ ತೋರುವ ಸಂಖ್ಯೆಯಿಂದ ಅವರ ದನಿ ಕೆಳಕ್ಕೆ ಹರಡುತ್ತದೆ. ಎಫ್‌ಟಿ8 ಎಲ್ಲ ಬ್ಯಾಂಡಿನಲ್ಲೂ ಅಪ್ಪರ್ ಸೈಡ್‌ಬ್ಯಾಂಡ್: ಸಂಖ್ಯೆಯಿಂದ ಮೇಲಕ್ಕೆ ಹರಡುತ್ತದೆ. ಈಗ ನೋಡಿ. ಒಬ್ಬ ಗೃಹಸ್ಥರು 7.077ರಲ್ಲಿ ಮಾತಾಡುತ್ತಿದ್ದಾರೆ. ಎಫ್‌ಟಿ8ದವರು 7.074ರಲ್ಲಿ. ಮೂರು ಕಿಲೋಹರ್ಟ್ಸ್ ಅಂತರ ಬಿಟ್ಟಿದ್ದೇನಲ್ಲ ಎಂದು ಅವರು ಕೇಳುತ್ತಾರೆ, ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಆದರೆ ಅವರ ದನಿ 7.077ರಿಂದ ಕೆಳಗಿಳಿದು 7.0743ರವರೆಗೆ ಬಂದಿದೆ, ಎಫ್‌ಟಿ8 7.0742ರಿಂದ ಏರಿ 7.077 ಮುಟ್ಟಿದೆ. ಇಬ್ಬರೂ ಪೂರ್ತಿ ಒಬ್ಬರ ಮೇಲೊಬ್ಬರು ಕೂತಿದ್ದಾರೆ. ಅದೇ ಗೃಹಸ್ಥರು ಡಯಲನ್ನು ಸರಿಯಾಗಿ 7.074ಕ್ಕೇ ತಿರುಗಿಸಿದ್ದರೆ ಇಬ್ಬರ ಹರವೂ ಒಂದಕ್ಕೊಂದು ತಾಗುತ್ತಿರಲಿಲ್ಲ! ಸಂಖ್ಯೆ ಒಂದೇ ಇದ್ದಾಗ ಇಲ್ಲದ ಡಿಕ್ಕಿ, ಸಂಖ್ಯೆ ಬೇರೆಯಾದಾಗ ಆಗುತ್ತದೆ. ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಾಗ ಬಹಳ ವರ್ಷದ ಅನುಭವಿಗಳೂ ಕ್ಷಣ ಹೊತ್ತು ಸುಮ್ಮನೆ ಕೂತದ್ದನ್ನು ನೋಡಿದ್ದೇನೆ.

ಇದು ಲೆಕ್ಕದ ಸಂಗತಿ, ಕಲಿತರೆ ಮುಗಿಯಿತು. ಇದಕ್ಕಿಂತ ಆಳದ ಕಾರಣವೊಂದಿದೆ. ಒಬ್ಬೊಬ್ಬರೂ ತಮ್ಮ ಉಪಕರಣ ಖಾಲಿ ಎಂದಿದ್ದನ್ನೇ ಖಾಲಿ ಎಂದು ನಂಬುತ್ತಾರೆ.

ಎಫ್‌ಟಿ8 ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. 6.25 ಹರ್ಟ್ಸ್ ಅಂತರದ ಎಂಟು ಸ್ವರಗಳಿವೆ. ಕಂಪ್ಯೂಟರು ಕರೆಹೆಸರು, ಊರಿನ ಚೌಕ, ಸಂಕೇತದ ಬಲ ಇಷ್ಟನ್ನೇ 77 ಬಿಟ್‌ಗಳಲ್ಲಿ ಅಡಕಿ, ಆ ಎಂಟು ಸ್ವರಗಳಲ್ಲಿ 12.64 ಸೆಕೆಂಡು ನುಡಿಸುತ್ತದೆ. ಚೌಕವೆಂದರೆ ಭೂಮಿಯನ್ನು ಗೆರೆ ಹಾಕಿ ಹಂಚಿಕೊಂಡ ಗುರುತು. ವಿಜಯಪುರ, ಸಾಂಗಲಿ ಎರಡೂ ಎಂಕೆ76, ನಮ್ಮೂರು ಎಂಕೆ77. ಲೋಕದ ಎಲ್ಲ ಕಂಪ್ಯೂಟರುಗಳೂ ಗಡಿಯಾರ ಹೊಂದಿಸಿಕೊಂಡು 15 ಸೆಕೆಂಡಿಗೆ ಒಂದು ಸರದಿಯಂತೆ ನಡೆಯುತ್ತವೆ: ಈ ಸರದಿ ನೀನು ಹೇಳು, ಮುಂದಿನದು ನಾನು. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ಬಾವಿಯಲ್ಲಿ ನೀರಿನ ಪಾಳಿ ಕಟ್ಟಿಕೊಳ್ಳುವುದಿಲ್ಲವೆ, ಹಾಗೆ. ಪಾಳಿ ಗೊತ್ತಿದ್ದರಿಂದ, ಸ್ವರ ಎಲ್ಲಿ ಇರಬಹುದೆಂಬುದೂ ಗೊತ್ತಿದ್ದರಿಂದ, ಕಂಪ್ಯೂಟರು ಗದ್ದಲದೊಳಗೆ ಮುಳುಗಿದ ಸಂಕೇತವನ್ನೂ ಹೆಕ್ಕುತ್ತದೆ. 2,500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದರೆ 21 ಡೆಸಿಬೆಲ್ ಕೆಳಗಿರುವುದೂ ಓದಲು ಸಿಗುತ್ತದೆ. ಅಂದರೆ ಸಂಕೇತದ ಶಕ್ತಿ ಗದ್ದಲದ ನೂರರಲ್ಲೊಂದು ಪಾಲಿಗೂ ಕಡಿಮೆ. ಮನುಷ್ಯನ ಕಿವಿಗೆ ಅಲ್ಲಿ ಬರೇ ಸೊರ್ ಎಂಬ ಸದ್ದು.

ಮೈಕ್ ಹಿಡಿದವರು ಆ ಸೊರ್ ಸದ್ದು ಕೇಳುತ್ತಾರೆ, ಜಾಗ ಖಾಲಿ ಎಂದುಕೊಳ್ಳುತ್ತಾರೆ. ಒಳ್ಳೆಯ ರೂಢಿಯಂತೆ, ಇಲ್ಲಿ ಯಾರಾದರೂ ಇದ್ದೀರಾ ಎಂದು ಎರಡು ಸಲ ಕೇಳುತ್ತಾರೆ. ಉತ್ತರವಿಲ್ಲ. ಉತ್ತರ ಎಲ್ಲಿಂದ ಬರಬೇಕು? ಅಲ್ಲಿ ಕೂತಿರುವ ಕಂಪ್ಯೂಟರಿಗೆ ಮನುಷ್ಯರ ಮಾತು ತಿಳಿಯುವುದಿಲ್ಲ, ಅದರ ಯಜಮಾನ ಸ್ಪೀಕರಿನ ದನಿ ಆರಿಸಿ ಚಹಾ ಕುಡಿಯಲು ಎದ್ದಿದ್ದಾನೆ. ಇನ್ನೊಂದು ಬದಿಯಿಂದಲೂ ಹೀಗೆಯೆ. ಎಫ್‌ಟಿ8 ತೆರೆಯ ಮೇಲೆ ಸಂಕೇತಗಳು ಇಳಿಯುವ ಗೆರೆಗಳಾಗಿ ಕಾಣುತ್ತವೆ, ಅದಕ್ಕೆ ವಾಟರ್‌ಫಾಲ್ ಎನ್ನುತ್ತಾರೆ. ಮನುಷ್ಯರ ಮಾತು ಅಲ್ಲಿ ಚದುರಿದ ಕಲೆಗಳಾಗಿ ಬೀಳುತ್ತದೆ. ಹೊಸಬನಿಗೆ ಅದು ಯಾವುದೋ ಯಂತ್ರದ ಕಸ. ಆ ಕಲೆಯೊಳಗೆ ಒಬ್ಬ ಅಜ್ಜ ತನ್ನ ಗೆಳೆಯನಿಗೆ ಆಪರೇಷನ್ ಹೇಗಾಯಿತು ಎಂದು ಹೇಳುತ್ತಿರಬಹುದು. ಹುಡುಗ ಮೌಸ್ ಒತ್ತುತ್ತಾನೆ, ಅಜ್ಜನ ಮಾತಿನ ಮೇಲೆ ಸಿಳ್ಳೆ ಏಳುತ್ತದೆ.

ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಆದರೂ ಇಬ್ಬರೂ ಎದುರಿನವನು ಬೇಕೆಂದೇ ಮಾಡಿದ ಎಂದು ನಂಬುತ್ತಾರೆ. ನನಗೆ ನೋವು ತರುವುದು ಇದು. ಬೇಕೆಂದೇ ಅಡ್ಡಿ ಮಾಡುವವರು ಇಲ್ಲ ಎಂದಲ್ಲ. ಒಮ್ಮೆ ನಮ್ಮ ಬೆಳಗಿನ ಸಂಭಾಷಣೆಯ ಮೇಲೆ ಯಾರೋ ಹಾಡಿನ ಸ್ವರ ಬಿಟ್ಟು ಕೂತಿದ್ದರು. ಅಂಥವರು ಅಪರೂಪ. ನಾನು ಕೇಳಿದ ಅಡ್ಡಿಗಳಲ್ಲಿ ಬಹುಪಾಲು, ಎದುರಿನವನು ಅಲ್ಲಿದ್ದಾನೆ ಎಂಬುದೇ ಗೊತ್ತಿಲ್ಲದೆ ಆದವು.

ಹಾಗಾದರೆ 7.074 ಎಂಬ ಆ ಜಾಗವನ್ನು ಎಫ್‌ಟಿ8ಕ್ಕೆ ಕೊಟ್ಟವರು ಯಾರು? ಯಾವ ಸರ್ಕಾರವೂ ಅಲ್ಲ. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರ್ಯಾಂಕ್ ಈ ಮೋಡ್ ರೂಪಿಸಿದರು. ಟೇಲರ್ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಖಗೋಳ ವಿಜ್ಞಾನಿ. ಅದನ್ನು ನಡೆಸುವ ಉಚಿತ ತಂತ್ರಾಂಶದೊಳಗೆ ಪ್ರತಿ ಬ್ಯಾಂಡಿಗೂ ಒಂದು ಸಂಖ್ಯೆ ಬರೆದಿಟ್ಟು ಬಂತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಫಾರ್ಟಿ ಮೀಟರಿನ ಮಾತು ಶುರುವಾಗುವುದೇ 7.125ರಿಂದ. ಅಲ್ಲಿಯವರಿಗೆ 7.074ರಲ್ಲಿ ಮಾತುಗಾರರ ತೊಂದರೆಯೇ ಇಲ್ಲ.

ನಮ್ಮ ಚರಿತ್ರೆ ಬೇರೆ. ಏಷ್ಯಾ ಯುರೋಪುಗಳಲ್ಲಿ 7.1ರ ಮೇಲೆ ಬಲವಾದ ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳು ಕೂತಿದ್ದವು, ಹ್ಯಾಮ್‌ಗಳಿಗೆ ಇದ್ದದ್ದು 7ರಿಂದ 7.1 ಮಾತ್ರ. 2003ರಲ್ಲಿ ಜಿನೀವಾದಲ್ಲಿ ಕೂಡಿದ ಜಾಗತಿಕ ರೇಡಿಯೊ ಸಮ್ಮೇಳನ ಪ್ರಸಾರದವರು 7.2ರ ಕೆಳಗಿನ ಜಾಗ ತೆರವು ಮಾಡಬೇಕೆಂದು ತೀರ್ಮಾನಿಸಿತು, ಅದು ಜಾರಿಗೆ ಬಂದದ್ದು 2009ರ ಮಾರ್ಚ್ 29ರಂದು. ಅದಕ್ಕೂ ಹಿಂದಿನ ದಶಕಗಳಲ್ಲಿ ನಮ್ಮವರು ಮಾತಾಡಬೇಕಿದ್ದದ್ದು ಆ ಸಣ್ಣ ನೂರು ಕಿಲೋಹರ್ಟ್ಸಿನಲ್ಲೇ, ಮೋರ್ಸಿಗೆ ಬಿಟ್ಟು ಉಳಿದದ್ದರಲ್ಲಿ. ಹಳೆಯ ಗೆಳೆಯರ ಬಳಗ 7.060, 7.070, 7.080ರಲ್ಲಿ ಬೇರೂರಿದ್ದು ಹಾಗೆ. ಅದರ ನಟ್ಟನಡುವೆ ತಂತ್ರಾಂಶದ ಒಂದು ಸಂಖ್ಯೆ ಬಂದು ನಿಂತಿತು. ಯಾರನ್ನೂ ಕೇಳಲಿಲ್ಲ, ಕೇಳುವ ಕಟ್ಟುಪಾಡೂ ಇರಲಿಲ್ಲ. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಭೂಮಿಯನ್ನು ಮೂರು ವಲಯ ಮಾಡಿ ಬ್ಯಾಂಡ್ ಪ್ಲ್ಯಾನ್ ಬರೆಯುತ್ತದೆ, ನಾವು ಮೂರನೆಯ ವಲಯದವರು. ಆದರೆ ಆ ಪ್ಲ್ಯಾನ್ ಸಲಹೆ, ಕಾನೂನಲ್ಲ. ಸಲಹೆಯ ಕಾಗದಕ್ಕಿಂತ ತಂತ್ರಾಂಶದಲ್ಲಿ ಕೂತ ಸಂಖ್ಯೆಗೆ ಬಲ ಹೆಚ್ಚು ಎಂಬುದು ಈ ವರ್ಷಗಳಲ್ಲಿ ಗಟ್ಟಿಯಾಯಿತು.

ಹಾಗೆಂದು ನಾನು ಎಫ್‌ಟಿ8 ವಿರೋಧಿಯಲ್ಲ. 10 ವಾಟಿನ ನನ್ನ ತಂತಿಯಿಂದ ಎಂಕೆ77 ಎಂಬ ಗುರುತು ಜಪಾನಿನ ತೆರೆಯ ಮೇಲೆ ಮೂಡುವುದು ಆ ಮೋಡ್‌ನಿಂದಲೇ ಸಾಧ್ಯ. 10 ವಾಟನ್ನು ಎರಡೂವರೆ ಕಿಲೋಹರ್ಟ್ಸಿನಲ್ಲಿ ಹರಡುವುದಕ್ಕೂ 50 ಹರ್ಟ್ಸಿನಲ್ಲಿ ಒಟ್ಟು ಮಾಡುವುದಕ್ಕೂ ಐವತ್ತು ಪಟ್ಟು ವ್ಯತ್ಯಾಸ. ದುಡ್ಡಿಲ್ಲದ, ಎತ್ತರದ ಗೋಪುರವಿಲ್ಲದ ಹಳ್ಳಿಯ ಹುಡುಗನಿಗೆ ಅದು ಜಗತ್ತಿನ ಬಾಗಿಲು.

ಪಟ್ಟಿಗಳು ಒಂದಕ್ಕೊಂದು ತಾಗದಿದ್ದರೂ ಅಡ್ಡಿ ಆಗುವುದುಂಟು. ರೇಡಿಯೊದೊಳಗೆ ಎಜಿಸಿ ಎಂಬ ವ್ಯವಸ್ಥೆ ಇರುತ್ತದೆ. ಬಲವಾದ ದನಿ ಬಂದರೆ ಅದು ಒಟ್ಟು ಗ್ರಹಣವನ್ನೇ ತಗ್ಗಿಸುತ್ತದೆ. ಪಕ್ಕದ ಊರಿನವನು ಮಾತಾಡಿದಾಗಲೆಲ್ಲ ದೂರದ ಸಣ್ಣ ಮೋರ್ಸ್ ಸಂಕೇತ ಮಾಯವಾಗುವುದು ಇದರಿಂದ. ಇನ್ನು ಕಂಪ್ಯೂಟರಿನ ದನಿಯನ್ನು ಜೋರು ಮಾಡಿ ಸೆಟ್ಟಿಗೆ ತುರುಕಿದರೆ 50 ಹರ್ಟ್ಸಿನ ಎಫ್‌ಟಿ8 ಸ್ವರಕ್ಕೆ ಎರಡು ಪಟ್ಟು, ಮೂರು ಪಟ್ಟು ತರಂಗಾಂತರದ ನಕಲುಗಳು ಹುಟ್ಟುತ್ತವೆ. ಮೈಕಿನವರು ಗೇನ್ ಏರಿಸಿ ಕಿರುಚಿದರೂ ಅದೇ ಪಾಡು, ಎರಡೂವರೆ ಕಿಲೋಹರ್ಟ್ಸಿನ ದನಿ ಐದಾರಕ್ಕೆ ಚೆಲ್ಲುತ್ತದೆ. ಹಿತಮಿತವಾಗಿ ನಡೆಸಿದ ಸೆಟ್ಟು ದೂರವೂ ಹೋಗುತ್ತದೆ, ಪಕ್ಕದವನನ್ನೂ ಕಾಡುವುದಿಲ್ಲ.

ಈ ಪಾಠವನ್ನು ಭಾರತದ ಹ್ಯಾಮ್‌ಗಳು ಆಕಾಶದಲ್ಲಿ ಒಮ್ಮೆ ಕಲಿತಿದ್ದರು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ6 ಕಾರ್ಟೊಸ್ಯಾಟ್-1ರ ಜೊತೆ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಒಯ್ದಿತು. ಕಟ್ಟಿದ್ದು ಬೆಂಗಳೂರಿನ ಇಸ್ರೊ. ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ನಮ್ಮವರದು, ಇನ್ನೊಂದು ಡಚ್ ಹ್ಯಾಮ್ ವಿಲಿಯಂ ಲೈಯೆನಾರ್ ಮಾಡಿದ್ದು. 435 ಮೆಗಾಹರ್ಟ್ಸಿನಲ್ಲಿ ಕಳಿಸಿದ 60 ಕಿಲೋಹರ್ಟ್ಸ್ ಅಗಲದ ಪಟ್ಟಿಯನ್ನು ಅದು ಇಡಿಯಾಗಿ 145 ಮೆಗಾಹರ್ಟ್ಸಿನಲ್ಲಿ ಕೆಳಗಿಳಿಸುತ್ತಿತ್ತು. ಮೋರ್ಸ್ ಬಂದರೆ ಮೋರ್ಸ್, ಮಾತು ಬಂದರೆ ಮಾತು, ಅದಕ್ಕೆ ಭೇದವಿಲ್ಲ. ಇರುವ ಪುಟ್ಟ ಶಕ್ತಿಯನ್ನು ಆ ಹೊತ್ತಿಗೆ ಬಂದ ಎಲ್ಲರಿಗೂ ಹಂಚಬೇಕು. ಎಸ್‌ಎಸ್‌ಬಿಯವನು ಉಸಿರು ಎಳೆದಾಗ ಅವನ ಪಾಲು ಇತರರಿಗೆ ಸಿಗುತ್ತದೆ. ಎಫ್‌ಎಂನವನು ಸುಮ್ಮನೆ ಗುಂಡಿ ಒತ್ತಿ ಹಿಡಿದರೂ ಸಾಕು, ಪೂರ್ಣ ವಾಹಕ ತರಂಗ ನಿರಂತರವಾಗಿ ಹೋಗಿ ಉಪಗ್ರಹದ ಶಕ್ತಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಉಳಿದವರ ದನಿ ಕುಗ್ಗುತ್ತದೆ. ಅದಕ್ಕೇ ಅಂಥ ಟ್ರಾನ್ಸ್‌ಪಾಂಡರಿನಲ್ಲಿ ಎಫ್‌ಎಂ ಸಲ್ಲದು. ನೆಲದ ಮೇಲೂ ಒಂದು ಅಡ್ಡಿಯಿತ್ತು. ಟೂ ಮೀಟರ್ ಬ್ಯಾಂಡಿನ 145.8ರಿಂದ 146ರವರೆಗಿನ ಭಾಗ ಉಪಗ್ರಹಗಳಿಗೆ ಮೀಸಲು ಎಂದು ತಿಳಿಯದವರು ಅಲ್ಲಿ ಕೈಸೆಟ್ಟಿನಲ್ಲಿ ಹರಟುತ್ತಿದ್ದರೆ, ಆರುನೂರು ಕಿಲೋಮೀಟರಿಗೂ ಎತ್ತರದಿಂದ ಇಳಿಯುವ ಸಣ್ಣ ದನಿ ಅಳಿಸಿಹೋಗುತ್ತದೆ. ಹರಟುವವರಿಗೆ ಅದು ಕೇಳಿಸುವುದೂ ಇಲ್ಲ. ಹ್ಯಾಮ್‌ಸ್ಯಾಟ್ ಎರಡು ವರ್ಷದ ಆಯುಸ್ಸಿನ ನಿರೀಕ್ಷೆಯನ್ನು ಮೀರಿ ದುಡಿದು, ಬ್ಯಾಟರಿ ಕೆಟ್ಟು, 2014ರ ಜುಲೈಯಲ್ಲಿ ನಿವೃತ್ತವಾಯಿತು. ನಾಡಿನ ಒಂದು ತಲೆಮಾರಿನ ಹ್ಯಾಮ್‌ಗಳು ಹಂಚಿ ತಿನ್ನುವುದನ್ನು ಕಲಿತದ್ದು ಅದರಲ್ಲಿ.

ಇದಕ್ಕಿಂತ ಕಟ್ಟುನಿಟ್ಟಿನ ವ್ಯವಸ್ಥೆ ಈಗ ಪಡುವಣ ಆಕಾಶದಲ್ಲಿದೆ. 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಎಸ್‌ಹೇಲ್-2 ಎಂಬ ಭೂಸ್ಥಿರ ಉಪಗ್ರಹದಲ್ಲಿ ಹ್ಯಾಮ್‌ಗಳಿಗೂ ಟ್ರಾನ್ಸ್‌ಪಾಂಡರ್ ಇದೆ. ಹಳೆಯ ಡಿಟಿಎಚ್ ತಟ್ಟೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಯುಎಸ್‌ಬಿ ರಿಸೀವರ್ ಸಿಕ್ಕಿಸಿದರೆ ನಮ್ಮೂರಿನಿಂದಲೂ ಕೇಳಬಹುದು. ಅಲ್ಲಿ ಮೋರ್ಸಿಗೆ, ಕಿರಿದಾದ ಡಿಜಿಟಲ್ಲಿಗೆ, ಮಾತಿಗೆ ಬೇರೆ ಬೇರೆ ಕೋಣೆ. 2.7 ಕಿಲೋಹರ್ಟ್ಸಿಗಿಂತ ಅಗಲ ಸಲ್ಲದು, ಅಳತೆಗೋಲಾಗಿ ಇಟ್ಟಿರುವ ಬೀಕನ್ನಿಗಿಂತ ಜೋರೂ ಸಲ್ಲದು. ಮೀರಿದವನ ದನಿಯ ಮೇಲೆ ಲೈಲಾ ಎಂಬ ಏರ್ಪಾಡು ಸೈರನ್ ಊದುತ್ತದೆ. ಅಪರಾಧಿಗೆ ತನ್ನ ತಪ್ಪು ತನ್ನದೇ ಕಿವಿಯಲ್ಲಿ ಕೇಳುತ್ತದೆ, ತಗ್ಗಿಸಿಕೊಳ್ಳುತ್ತಾನೆ. ಮೊದಲ ಸಲ ಕೇಳಿದಾಗ ನನಗೆ ಖುಷಿಯಾಯಿತು. ಫಾರ್ಟಿ ಮೀಟರಿಗೆ ಅಂಥ ಕಾವಲು ಕೂರಿಸುವುದು ಆಗದು, ಅಲ್ಲಿ ಎಲ್ಲರ ದನಿಯೂ ಹಾಯುವ ಒಂದೇ ಬಾಗಿಲಿಲ್ಲ. ನಾವೇ ಕಿವಿ ಕೊಡಬೇಕು, ಕಣ್ಣೂ ಕೊಡಬೇಕು.

ಹೊಸಬರಿಗೆ ಹೇಳಿಕೊಡುವಾಗ ನಾನು ಮೈಕ್ ಕೊಡುವ ಮುಂಚೆ ವಾಟರ್‌ಫಾಲ್ ತೋರಿಸುತ್ತೇನೆ. ಮಾತಾಡುವವನೂ ಅರ್ಧ ನಿಮಿಷ ಅದನ್ನು ನೋಡಲಿ. ಎಫ್‌ಟಿ8ರ ಎರಡು ಪಾಳಿ ಅಷ್ಟರಲ್ಲಿ ಹಾಯುತ್ತವೆ, ಕಿವಿಗೆ ಕೇಳದ್ದು ಗೆರೆಯಾಗಿ ಕಾಣುತ್ತದೆ. ಕಂಪ್ಯೂಟರ್ ನಡೆಸುವವನು ಮೌಸ್ ಒತ್ತುವ ಮುಂಚೆ ಸ್ಪೀಕರ್ ತೆರೆದು ಕೇಳಲಿ, ನಡೆಸುವಷ್ಟು ಹೊತ್ತೂ ದನಿ ಆರಿಸದಿರಲಿ. ಪುಣೆ, ಬೆಳಗಾವಿ, ಬೆಂಗಳೂರು, ಹೈದರಾಬಾದಿನ ಹ್ಯಾಮ್‌ಗಳು ಒಟ್ಟಿಗೆ ಕೂತು ದಖ್ಖನದ ಹಗಲಿಗೆ ಹೊಂದುವ ಒಂದು ನಕ್ಷೆ ಬರೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 7.074ರಿಂದ 7.077ರವರೆಗೆ ಎಫ್‌ಟಿ8ಕ್ಕೆ ಬಿಟ್ಟು, ಮಾತಿನ ಬಳಗಗಳು 7.080ಕ್ಕಿಂತ ಮೇಲೆ ಸರಿಯಲಿ. 2009ರಲ್ಲಿ ಸಿಕ್ಕ ಮೇಲಿನ ನೂರು ಕಿಲೋಹರ್ಟ್ಸಿನಲ್ಲಿ ಹಗಲು ಹೊತ್ತು ಇನ್ನೂ ಜಾಗವಿದೆ. ಹಿರಿಯರಿಗೆ ತಮ್ಮ ಹಳೆಯ ಕಟ್ಟೆ ಬಿಡುವುದು ಕಷ್ಟ, ಆದರೂ ಕೇಳಿಕೊಳ್ಳುತ್ತೇನೆ.

ಇದು ಬರೇ ಹವ್ಯಾಸದ ಅನುಕೂಲಕ್ಕಲ್ಲ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅಂಡಮಾನಿನ ಪೋರ್ಟ್ ಬ್ಲೇರಿನಿಂದ ದೂರದ ಹ್ಯಾಮ್‌ಗಳ ಜೊತೆ ಮಾತಾಡುವ ಕಾರ್ಯಕ್ರಮದಲ್ಲಿದ್ದರು. 26ರಂದು ಸುನಾಮಿ ಬಂತು, ಅದೇ ಸೆಟ್ಟು ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸುವ ಸಾಧನವಾಯಿತು. ಸಾಂಗಲಿಯಲ್ಲಿ ಕೃಷ್ಣೆ 2005ರಲ್ಲಿ ಉಕ್ಕಿತು, 2019ರಲ್ಲಿ ಮತ್ತೆ ಉಕ್ಕಿತು. ಆಗ ನಮ್ಮ ಜತ್ತದಲ್ಲಿ ಬರ, ಜಿಲ್ಲೆಯ ಪಡುವಣದಲ್ಲಿ ಊರೂರೇ ನೀರೊಳಗೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಮೇಲೆ ನಡೆಯುವ ಸಣ್ಣ ಸೆಟ್ಟೊಂದು ತುರ್ತು ಕರೆ ಕೊಟ್ಟರೆ ದಾರಿ ಬಿಡಬೇಕು. ಮನುಷ್ಯ ಬಿಡುತ್ತಾನೆ, ದನಿ ಆರಿಸಿಟ್ಟ ಕಂಪ್ಯೂಟರು ಬಿಡುವುದಿಲ್ಲ, ಪಕ್ಕದಲ್ಲಿ ಗೇನ್ ಏರಿಸಿ ಹರಟುವವನಿಗೂ ಕೇಳುವುದಿಲ್ಲ. ನಮ್ಮ ವಲಯದಲ್ಲಿ ಫಾರ್ಟಿ ಮೀಟರಿನ ತುರ್ತು ತರಂಗಾಂತರ 7.110. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದರ ಎರಡೂ ಬದಿ ಮೂರು ಮೂರು ಕಿಲೋಹರ್ಟ್ಸ್ ಯಾವ ಮೋಡ್‌ನವರೂ ಹರಟೆಗೆ ಬಳಸದೆ ಬಿಡಬೇಕೆಂದು ಗಡಿಯ ಈಚೆ ಆಚೆಯ ಹ್ಯಾಮ್‌ಗಳನ್ನು ಕೇಳುತ್ತಿದ್ದೇನೆ. ಬೆಳಗಿನ ಬಳಗದಲ್ಲಿ ಬಹಳ ಜನ ಒಪ್ಪಿದ್ದಾರೆ. ಒಪ್ಪದವರ ಜೊತೆ ಮಾತು ಇನ್ನೂ ನಡೆದಿದೆ.